ತರಕಾರಿಗೂ ಗ್ಲುಕೋಮೀಟರ್ ಬಂದಿದೆಯಂತೆ, ನಿಜವಾ?

ಮಾಲೂರು ಎಲೆಕೋಸು | ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಎರಡೂವರೆ ಎಕರೆಯಲ್ಲಿ ಎಲೆಕೋಸು, ಟೊಮೆಟೊ ಬೆಳೀತೀನಿ. ಹೋದ ತಿಂಗಳು ನಗರದ ಒಂದು ಸಂಗ್ರಹ ಕೇಂದ್ರಕ್ಕೆ ಕಳಿಸಿದ ಎಲೆಕೋಸು ವಾಪಸ್ ಬಂತು. "ರೆಸಿಡ್ಯೂ ಫೇಲ್" (ಔಷಧಿ ಉಳಿಕೆ ಮಿತಿ ಮೀರಿದೆ) ಅಂತ ಒಂದು ಚೀಟಿ, ಅಷ್ಟೇ. ಯಾವ ಔಷಧಿ, ಎಷ್ಟಿತ್ತು, ಮಿತಿ ಎಷ್ಟು, ಒಂದಕ್ಷರ ಇಲ್ಲ. ಕೇಳಿ ಕೇಳಿ ವರದಿ ತರಿಸಿಕೊಳ್ಳೋ ಹೊತ್ತಿಗೆ ಎರಡನೇ ಕೊಯ್ಲೂ ಮುಗಿದಿತ್ತು. ಆ ಗಾಡಿ ಮಾಲು ಕೊನೆಗೆ ಹಸುಗಳ ಪಾಲಾಯ್ತು. ಅದೂ ಸರಿಯೋ ತಪ್ಪೋ ಅಂತ ಈಗ ಯೋಚನೆ ಬರ್ತಿದೆ.

ಮೊನ್ನೆ ಭಾವಮೈದ ಒಂದು ವಿಡಿಯೊ ಕಳಿಸಿದ. ಪೆನ್ನಿನ ಥರ ಒಂದು ಸಾಧನ, ಸೇಬಿಗೆ ಚುಚ್ಚಿದರೆ ಹಸಿರು ಇಲ್ಲ ಕೆಂಪು ದೀಪ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡ್ಕೋತಾರಲ್ಲ, ಅದೇ ತಂತ್ರಜ್ಞಾನ ಅಂತೆ. ಕೊಯ್ಯೋ ಮುಂಚೆ ಹೊಲದಲ್ಲೇ ನೋಡ್ಕೊಳ್ಳೋ ಹಾಗಿದ್ದರೆ ನನಗೆ ಅಷ್ಟೇ ಸಾಕು. ಯಾರಾದ್ರೂ ತಗೊಂಡು ನೋಡಿದ್ದೀರಾ? ಕೊಂಡಿ ಕೆಳಗಿದೆ.

ನಿರ್ವಾಹಕ | ಸೋಮವಾರ, ರಾತ್ರಿ 9:31

ಕೊಂಡಿ ತೆಗೆದಿದ್ದೇನೆ, ಅದು ಮಾರಾಟದ ಪುಟ. ಪ್ರಶ್ನೆ ಚೆನ್ನಾಗಿದೆ, ಮುಂದುವರಿಸಿ.

ಬೆಂಚಿನ ಹಿಂದೆ | ಸೋಮವಾರ, ರಾತ್ರಿ 9:40

ಆ ಪೆನ್ನು ಕೊಳ್ಳಬೇಡಿ. ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ. ಚುಚ್ಚಿದ ತಕ್ಷಣ ಉತ್ತರ ಕೊಡೋ ಇಂಥ ಪೆನ್ನುಗಳ ತುದಿಯಲ್ಲಿ ಸಾಮಾನ್ಯವಾಗಿ ಇರೋದು ಎರಡು ಲೋಹದ ತುಣುಕು. ಅವುಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆದು, ಅದರಿಂದ ನೈಟ್ರೇಟ್ ಇಷ್ಟಿರಬಹುದು ಅಂತ ಊಹಿಸುತ್ತವೆ. ಗೊಬ್ಬರ ಜಾಸ್ತಿ ತಿಂದ ತರಕಾರಿಗೆ ಕೆಂಪು ದೀಪ ಬರಬಹುದು. ಕ್ಲೋರ್‌ಪೈರಿಫಾಸ್ ಥರದ ಔಷಧಿ ನೀರಲ್ಲಿ ಕರಗೋದೇ ಕಷ್ಟ, ಉಪ್ಪಿನ ಹಾಗೆ ಅಯಾನುಗಳಾಗಿ ಒಡೆಯೋದಂತೂ ಇಲ್ಲ. ಸೇಬಿನೊಳಗಿನ ಪೊಟ್ಯಾಸಿಯಂ ಜಾತ್ರೆಯಲ್ಲಿ ಅದರ ಪಿಸುಮಾತು ಯಾರಿಗೆ ಕೇಳಿಸುತ್ತೆ?

ಕರೆಂಟು ಕಮ್ಮಿ | ಸೋಮವಾರ, ರಾತ್ರಿ 11:05

ಪೆನ್ನಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ "ಗ್ಲುಕೋಮೀಟರ್ ಥರದ್ದು" ಅನ್ನೋ ಮಾತಿಗೆ ಬುಡವೇ ಇಲ್ಲ ಅಂತಲೂ ಅಲ್ಲ. ನನ್ನ ಪಿಎಚ್‌ಡಿ ಇದೇ ವಿಷಯದ ಮೇಲೆ, ನಾಲ್ಕನೇ ವರ್ಷ, ಮುಗಿಯುವ ಲಕ್ಷಣ ಇನ್ನೂ ಕಾಣ್ತಿಲ್ಲ. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಕಿಣ್ವವನ್ನು (ಎನ್‌ಜೈಮ್) ವಿದ್ಯುದಗ್ರದ (ಎಲೆಕ್ಟ್ರೋಡ್) ಮೇಲೆ ಕೂರಿಸಿ ಅಳೆಯೋ ಆಲೋಚನೆ ಕೊಟ್ಟವರು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್, 1962ರಲ್ಲಿ. ಅದು ಸಕ್ಕರೆಗಾಗಿ. ಪೆನ್ನಿನಷ್ಟು ಚಿಕ್ಕ ಗ್ಲುಕೋಮೀಟರ್ ಅಂಗಡಿಗೆ ಬಂದಿದ್ದು 1987ರಲ್ಲಿ. ಕೀಟನಾಶಕದ ಸಂವೇದಕದಲ್ಲಿ ಆಟ ಉಲ್ಟಾ. ಅಲ್ಲಿ ಸಕ್ಕರೆ ಇದ್ದರೆ ಕರೆಂಟು ಏರುತ್ತೆ, ಇಲ್ಲಿ ವಿಷ ಇದ್ದರೆ ಕರೆಂಟು ಇಳಿಯುತ್ತೆ. ನನ್ನ ಹೆಸರು ಅಲ್ಲಿಂದಲೇ ಬಂದಿದ್ದು, ಬೆಸ್ಕಾಂಗೂ ನನಗೂ ಸಂಬಂಧ ಇಲ್ಲ.

ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸೋದು ಅಸಿಟೈಲ್ ಕೋಲಿನ್. ಸುದ್ದಿ ಮುಟ್ಟಿದ ಮೇಲೆ ಅದನ್ನು ಕತ್ತರಿಸಿ ಹಾಕೋದು ಅಸಿಟೈಲ್ ಕೋಲಿನ್ ಎಸ್ಟರೇಸ್ ಅನ್ನೋ ಕಿಣ್ವ. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಔಷಧಿಗಳು ಈ ಕತ್ತರಿಯ ಬಾಯಿಗೇ ಅಂಟಿಕೊಂಡು ಬಿಡುತ್ತವೆ. ಹುಳ ಸಾಯೋದು ಹಾಗೆ, ವಿಷ ಕುಡಿದವರಿಗೆ ಜೊಲ್ಲು ಸುರಿದು ಉಸಿರು ಕಟ್ಟೋದೂ ಹಾಗೆ. ನಾವು ಆ ಕಿಣ್ವವನ್ನು ಇಂಗಾಲದ ಶಾಯಿಯಿಂದ ಮುದ್ರಿಸಿದ ಪಟ್ಟಿಯ ಮೇಲೆ ಕೂರಿಸಿ, ಕತ್ತರಿಸೋಕೆ ಅಸಿಟೈಲ್ ಥಯೋಕೋಲಿನ್ ಕೊಡ್ತೀವಿ. ಕತ್ತರಿಸಿದಾಗ ಬರೋ ಥಯೋಕೋಲಿನ್ ವಿದ್ಯುದಗ್ರಕ್ಕೆ ಎಲೆಕ್ಟ್ರಾನ್ ಕೊಡುತ್ತೆ, ಕರೆಂಟು ಸಿಗುತ್ತೆ. ಆಮೇಲೆ ತರಕಾರಿಯ ರಸದಲ್ಲಿ ಹತ್ತು ನಿಮಿಷ ನೆನೆಸಿ ಮತ್ತೆ ಅಳೆಯೋದು. ಮೊದಲು 100 ಇದ್ದದ್ದು 60 ಆದರೆ ಶೇ. 40 ಪ್ರತಿಬಂಧ, ಅಂದರೆ ಕಿಣ್ವದ ಕೆಲಸ ಅಷ್ಟು ನಿಂತಿದೆ.

ಕಿಣ್ವ ಎಲ್ಲಿಂದ ಅಂತೀರಾ? ಹೆಚ್ಚಿನವರು ಕೊಳ್ಳೋದು ವಿದ್ಯುತ್ ಈಲ್ ಮೀನಿನದ್ದು. ಹಣ್ಣಿನ ನೊಣದ್ದನ್ನು ತಿದ್ದಿ ತಯಾರಿಸಿದ ಕಿಣ್ವಗಳು ಇನ್ನೂ ಸೂಕ್ಷ್ಮ.

ಮಾಲೂರು ಎಲೆಕೋಸು | ಮಂಗಳವಾರ, ಬೆಳಗ್ಗೆ 5:50

ಅರ್ಧ ಅರ್ಥ ಆಯ್ತು. ಅಂದ್ರೆ ಪಟ್ಟಿ ಮೇಲೆ ಒಂದು ಹುಳದ ನರ ಇಟ್ಟ ಹಾಗೆ. ಅದಕ್ಕೆ ತಲೆ ಸುತ್ತು ಬಂದರೆ ಔಷಧಿ ಇದೆ ಅಂತ. ಸರೀನಾ?

ಕರೆಂಟು ಕಮ್ಮಿ | ಮಂಗಳವಾರ, ಬೆಳಗ್ಗೆ 8:15

ನಮ್ಮ ಗೈಡ್‌ಗಿಂತ ಚೆನ್ನಾಗಿ ಹೇಳಿದಿರಿ.

ಹುಣಸೆ ನೀರು | ಮಂಗಳವಾರ, ಬೆಳಗ್ಗೆ 10:20

ಮನೇಲಿ ಇಬ್ಬರು ಸಣ್ಣ ಮಕ್ಕಳು. ತರಕಾರಿ ತಂದ ದಿನ ಉಪ್ಪು, ಅರಿಶಿನ, ಹುಣಸೆ ನೀರಲ್ಲಿ ಅರ್ಧ ಗಂಟೆ ನೆನೆಸಿಡ್ತೀನಿ. ನಮ್ಮ ಮನೆಯವರು ಪ್ರತಿ ವರ್ಷ ಮಾಲೆ ಹಾಕ್ತಾರೆ. 2023ರ ಜನವರಿಯಲ್ಲಿ ಶಬರಿಮಲೆ ಅರವಣ ಪ್ರಸಾದ ಮಾರಾಟ ನಿಲ್ಲಿಸಿದರಲ್ಲ, ಏಲಕ್ಕಿಯಲ್ಲಿ ಕೀಟನಾಶಕ ಅಂತ, ಆವತ್ತಿಂದ ನನಗೆ ಏಲಕ್ಕಿ ಡಬ್ಬಿ ತೆಗೆದರೂ ಅನುಮಾನ. ದೇವರ ಪ್ರಸಾದಕ್ಕೇ ಹೀಗಾದರೆ ನಮ್ಮ ಸಾರಿಗೆ ಯಾರು ದಿಕ್ಕು? ಈ ಪಟ್ಟಿ ಇನ್ನೂರು ರೂಪಾಯಿಗೆ ಸಿಕ್ಕರೂ ತಗೋತೀನಿ. ಯಾಕೆ ಇನ್ನೂ ಅಂಗಡೀಲಿಲ್ಲ?

ಬೆಂಚಿನ ಹಿಂದೆ | ಮಂಗಳವಾರ, ಮಧ್ಯಾಹ್ನ 1:30

ಯಾಕಿಲ್ಲ ಅನ್ನೋದಕ್ಕೆ ಒಂದು ಲೆಕ್ಕ ಹಾಕೋಣ. ಆರೋಗ್ಯವಂತರ ರಕ್ತದಲ್ಲಿ ಸಕ್ಕರೆ ಸುಮಾರು 100 ಮಿಲಿಗ್ರಾಂ ಪ್ರತಿ ಡೆಸಿಲೀಟರ್, ಅಂದರೆ ಲೀಟರಿಗೆ 1 ಗ್ರಾಂ. ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ, ಒಂದು ಬೆಳೆಗೆ ಪ್ರತ್ಯೇಕ ಮಿತಿ ನಿಗದಿಯಾಗದ ಔಷಧಿಗೆ ಅನ್ವಯಿಸೋದು ಕೆಜಿಗೆ 0.01 ಮಿಲಿಗ್ರಾಂ. ಯುರೋಪಿನಲ್ಲೂ ಅದೇ ಅಂಕಿ. ಭಾಗಿಸಿ ನೋಡಿ: ಗ್ಲುಕೋಮೀಟರ್ ಹುಡುಕೋದಕ್ಕಿಂತ ಒಂದು ಲಕ್ಷ ಪಟ್ಟು ಕಡಿಮೆ. ಒಂದು ಟನ್ ಎಲೆಕೋಸಿನಲ್ಲಿ 10 ಮಿಲಿಗ್ರಾಂ, ಚಿಟಿಕೆ ಉಪ್ಪಿಗಿಂತಲೂ ಎಷ್ಟೋ ಕಮ್ಮಿ.

ಇನ್ನೊಂದು, ರಕ್ತ ಎಲ್ಲರದ್ದೂ ಹೆಚ್ಚೂ ಕಮ್ಮಿ ಒಂದೇ. ತರಕಾರಿ ಹಾಗಲ್ಲ. ಹಾಗಲಕಾಯಿ ಒಂದು, ಬೀಟ್ರೂಟ್ ಇನ್ನೊಂದು, ಕರಿಬೇವು ಮೂರನೇದು. ಎಲ್ಲದರಲ್ಲೂ ವಿಟಮಿನ್ ಸಿ, ಪಾಲಿಫಿನಾಲ್, ಬಣ್ಣ. ಇವೆಲ್ಲ ವಿದ್ಯುದಗ್ರದ ಮೇಲೆ ತಾವೂ ಎಲೆಕ್ಟ್ರಾನ್ ಸುರಿಯೋಕೆ ಸಾಲು ನಿಲ್ಲುತ್ತವೆ.

ಅರವಣ ವಿಷಯಕ್ಕೆ ಬಂದರೆ, ಆ ಏಲಕ್ಕಿಯಲ್ಲಿ ಮಿತಿ ಮೀರಿದ 14 ಕೀಟನಾಶಕ ಇವೆ ಅಂತ ವರದಿ ಹೋಗಿದ್ದು ಪ್ರಯೋಗಾಲಯದ ಪೂರ್ಣ ಪರೀಕ್ಷೆಯಿಂದ. ಆರು ಲಕ್ಷಕ್ಕೂ ಹೆಚ್ಚು ಟಿನ್ ಮಾರಾಟವಾಗದೆ ಉಳಿಯಿತು, ಮಾರಾಟ ನಿಲ್ಲಿಸಿದ್ದ ಹೈಕೋರ್ಟಿನ ಆದೇಶವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಂಥ ಪ್ರಶ್ನೆಗೆ ಒಂದು ಪಟ್ಟಿ "ಏನೋ ಇದೆ" ಅಂತ ಹೇಳಬಹುದಿತ್ತು, 14 ಅಂತ ಹೆಸರು ಹಿಡಿದು ಹೇಳೋಕೆ ಆಗ್ತಿರಲಿಲ್ಲ.

ತೊಳೆಯೋದನ್ನ ಬಿಡಬೇಡಿ. ಮೇಲ್ಮೈ ಮೇಲಿನದ್ದು ಒಂದಿಷ್ಟು ಹೋಗುತ್ತೆ. ಗಿಡದೊಳಕ್ಕೆ ಹೀರಿಕೊಂಡ ಔಷಧಿ ಹುಣಸೆಗೂ ಬಗ್ಗಲ್ಲ, ಅರಿಶಿನಕ್ಕೂ ಬಗ್ಗಲ್ಲ.

ಕರೆಂಟು ಕಮ್ಮಿ | ಮಂಗಳವಾರ, ರಾತ್ರಿ 8:45

ಸಾಲು ನಿಲ್ಲೋ ಸಮಸ್ಯೆಗೆ ಉಪಾಯ ಇದೆ ಸಾರ್. ಬರೀ ಇಂಗಾಲದ ಮೇಲೆ ಥಯೋಕೋಲಿನ್ ಉತ್ಕರ್ಷಣೆಗೆ (ಅದು ಎಲೆಕ್ಟ್ರಾನ್ ಬಿಟ್ಟುಕೊಡೋಕೆ) 0.6, 0.7 ವೋಲ್ಟ್ ಬೇಕು. ಅಷ್ಟು ಕೊಟ್ಟರೆ ವಿಟಮಿನ್ ಸಿ ಕೂಡ ನುಗ್ಗುತ್ತೆ. ಶಾಯಿಗೆ ಕೋಬಾಲ್ಟ್ ಥಾಲೋಸಯನೀನ್ ಅನ್ನೋ ನೀಲಿ ವಸ್ತು ಬೆರೆಸಿದರೆ 0.1 ವೋಲ್ಟ್ ಆಸುಪಾಸಿನಲ್ಲೇ ಕೆಲಸ ಆಗುತ್ತೆ, ಪ್ರಷ್ಯನ್ ಬ್ಲೂ ಬೆರೆಸಿದರೂ ಸುಮಾರು ಹಾಗೇ. ಗದ್ದಲ ತುಂಬ ಕಮ್ಮಿ. ಬಣ್ಣ ನೋಡಿ ಅಳೆಯೋ ಎಲ್ಮನ್ ವಿಧಾನದಲ್ಲಿ (1961ರದ್ದು) 412 ನ್ಯಾನೋಮೀಟರಿನ ಬೆಳಕಲ್ಲಿ ಹಳದಿ ಬಣ್ಣವನ್ನು ಅಳೀಬೇಕು, ಸೊಪ್ಪಿನ ಹಸಿರು ಅದಕ್ಕೆ ಅಡ್ಡ. ವಿದ್ಯುದಗ್ರಕ್ಕೆ ಕಣ್ಣಿಲ್ಲ, ಹಸಿರಿದ್ದರೇನು ಕೆಂಪಿದ್ದರೇನು.

ಒಂದು ಲಕ್ಷ ಪಟ್ಟು ಅನ್ನೋದೂ ದಾಟಬಹುದಾದ ಹೊಳೆಯೇ. ಚಿನ್ನದ ನ್ಯಾನೋ ಕಣ, ಗ್ರಾಫೀನ್ ಹಾಕಿ ನ್ಯಾನೋಮೋಲಾರ್ ಅನ್ನೋ ತೀರಾ ಸಣ್ಣ ಸಾಂದ್ರತೆಗಿಂತಲೂ ಕೆಳಗೆ ಹೋದ ಪ್ರಬಂಧಗಳು ರಾಶಿ ಇವೆ.

ಬೆಂಚಿನ ಹಿಂದೆ | ಮಂಗಳವಾರ, ರಾತ್ರಿ 9:30

ರಾಶಿ ಇವೆ, ಅದೇ ನನ್ನ ತಕರಾರು. ಶುದ್ಧ ಬಫರಿನಲ್ಲಿ (ಲ್ಯಾಬಿನ ಉಪ್ಪು ದ್ರಾವಣ) ಪಿಕೋಮೋಲಾರ್, ಅಂದರೆ ಅದರ ಸಾವಿರದಲ್ಲೊಂದು ಪಾಲು, ಕಂಡೆ ಅಂತ ಬರೀತಾರೆ. "ನಿಜವಾದ ಮಾದರಿ" ಅಂತ ಕೊನೆಯಲ್ಲಿ ಒಂದು ಕೋಷ್ಟಕ: ನಲ್ಲಿ ನೀರು, ಕೆರೆ ನೀರು, ಸೋಸಿ ಹತ್ತಾರು ಪಟ್ಟು ತೆಳು ಮಾಡಿದ ಎಲೆಕೋಸಿನ ರಸ. ಅದಕ್ಕೆ ತಾವೇ ವಿಷ ಬೆರೆಸಿ ತಾವೇ ಹಿಡಿದು "ಶೇ. 98 ಸಿಕ್ಕಿತು". ಕಳ್ಳನನ್ನು ತಾನೇ ಕೂರಿಸಿಕೊಂಡು ಹೋಗಿ ಹಿಡಿದ ಹಾಗೆ. ನಿಜವಾಗಿ ಹೊಡೆದು, ಬಿಸಿಲಲ್ಲಿ ವಾರ ನಿಂತ ಎಲೆಕೋಸು ತಂದು, ಅದೇ ಮಾದರಿಯನ್ನು ಎಲ್‌ಸಿ-ಎಂಎಸ್‌ನಲ್ಲೂ (ಒಂದೊಂದು ಔಷಧಿಯನ್ನೂ ಗುರುತಿಸಿ ಅಳೆಯೋ ಲ್ಯಾಬ್ ಯಂತ್ರ) ಹಾಕಿ ಎರಡೂ ಅಂಕಿ ಪಕ್ಕಪಕ್ಕ ತೋರಿಸಿದವರು ಬೆರಳೆಣಿಕೆ.

ನೀವು ಯಾವ ಔಷಧಿಯ ಮೇಲೆ ಕೆಲಸ ಮಾಡ್ತಿದ್ದೀರಿ?

ಕರೆಂಟು ಕಮ್ಮಿ | ಮಂಗಳವಾರ, ರಾತ್ರಿ 9:41

ಮೊದಲ ಪ್ರಬಂಧ ಮೀಥೈಲ್ ಪ್ಯಾರಾಥಿಯಾನ್.

ಬೆಂಚಿನ ಹಿಂದೆ | ಮಂಗಳವಾರ, ರಾತ್ರಿ 9:44

2018ರಲ್ಲೇ ನಮ್ಮ ದೇಶದಲ್ಲಿ ನಿಷೇಧ ಆಗಿದೆಯಲ್ಲ ಮಹರಾಯ.

ಕರೆಂಟು ಕಮ್ಮಿ | ಮಂಗಳವಾರ, ರಾತ್ರಿ 9:58

ಗೊತ್ತು ಸಾರ್. ನಿಜ ಹೇಳಿಬಿಡ್ತೀನಿ. ಅದರಲ್ಲೊಂದು ನೈಟ್ರೋ ಗುಂಪಿದೆ. ಕಿಣ್ವವೂ ಬೇಡ, ವೋಲ್ಟೇಜನ್ನು ಋಣದ ಕಡೆ ಒಯ್ದರೆ ಆ ಗುಂಪು ನಾಲ್ಕು ಎಲೆಕ್ಟ್ರಾನ್ ತಗೊಂಡು ಕರೆಂಟಿನ ನಕ್ಷೆಯಲ್ಲಿ ಚೂಪಾದ ಶಿಖರ ಕೊಡುತ್ತೆ. ನೋಡೋಕೆ ಚಂದ, ವಿಮರ್ಶಕರು ಪ್ರಶ್ನೆ ಕೇಳಲ್ಲ. ಜಗತ್ತಿನ ಅರ್ಧ ಸಂಶೋಧನಾ ತಂಡಗಳು ಅದನ್ನೇ ಹಿಡ್ಕೊಂಡಿರೋದಕ್ಕೆ ಕಾರಣ ಹೊಲದಲ್ಲಿಲ್ಲ, ಆ ಶಿಖರದಲ್ಲಿದೆ. ಈಗ ಮಾಡ್ತಿರೋದು ಕ್ಲೋರ್‌ಪೈರಿಫಾಸ್, ಅದು ಸುಲಭಕ್ಕೆ ಬಗ್ತಿಲ್ಲ.

ಕೊಕ್ಕಡ ಹಾದಿ | ಬುಧವಾರ, ಬೆಳಗ್ಗೆ 7:05

ನಮ್ಮ ಊರಿನ ಕಡೆಯಿಂದ ಒಂದು ಮಾತು. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ನೋಡಿದವರು ನಾವು. ಕಾಸರಗೋಡಿನ ಕತೆ ಎಲ್ಲರಿಗೂ ಗೊತ್ತುಂಟು, ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಎಲ್ಲರೂ ನೋಡಿದ್ದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ಈ ಪಟ್ಟಿ ಆಗ ಇದ್ದಿದ್ದರೆ ನಮ್ಮ ಬಾವಿ ನೀರಿನಲ್ಲಿ ಅದು ತಿಳಿಯುತ್ತಿತ್ತಾ ಮಾರಾಯ್ರೆ?

ಕರೆಂಟು ಕಮ್ಮಿ | ಬುಧವಾರ, ಬೆಳಗ್ಗೆ 9:10

ಇಲ್ಲ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಅನ್ನೋ ಬೇರೆ ಗುಂಪಿನದು. ಅದು ಕೆಡಿಸೋದು ನರದ ಇನ್ನೊಂದು ಬಾಗಿಲನ್ನು, ಗಾಬಾ ಅನ್ನೋ ಗ್ರಾಹಕದ (ರಿಸೆಪ್ಟರ್) ಕ್ಲೋರೈಡ್ ಕಾಲುವೆಯನ್ನು. ನಮ್ಮ ಕಿಣ್ವಕ್ಕೆ ಅದರ ಪರಿವೆಯೇ ಇರಲ್ಲ. ಪಟ್ಟಿ ಹಸಿರು ತೋರಿಸ್ತಿತ್ತು.

ಕೊಕ್ಕಡ ಹಾದಿ | ಬುಧವಾರ, ಬೆಳಗ್ಗೆ 9:26

ಹಸಿರು ತೋರಿಸುವ ಹೆದರಿಕೆಯೇ ಜಾಸ್ತಿ ನನಗೆ. ಕಾಗದದಲ್ಲಿ "ಪಾಸು" ಅಂತ ಬಂದರೆ ಮತ್ತೆ ನಮ್ಮ ಮಾತು ಕೇಳುವವರು ಯಾರೂ ಇಲ್ಲ.

ಸಾಗರದ ಸಂಪಿಗೆ | ಬುಧವಾರ, ಬೆಳಗ್ಗೆ 11:40

ಅದರ ವಿರುದ್ಧ ದಿಕ್ಕಿನ ತಪ್ಪನ್ನೂ ನೋಡಿದ್ದೀವಿ. ಹಂದಿಗೋಡು ರೋಗ, 1970ರ ದಶಕದ್ದು. ಸೊಂಟ, ಮಂಡಿ ಸವೆದು ನಡೆಯೋಕಾಗದವರು. ಗದ್ದೆಗೆ ಹೊಡೆದ ಔಷಧಿ ಏಡಿಗೆ ಹೋಗಿ, ಏಡಿ ತಿಂದವರಿಗೆ ಬಂತು ಅಂತ ಎಷ್ಟೋ ವರ್ಷ ನಂಬಿದ್ದರು. ಕೊನೆಗೆ ಅದು ವಂಶದಲ್ಲಿ ಇಳಿದು ಬರೋ ಮೂಳೆಯ ಕಾಯಿಲೆ ಅಂತ ಗೊತ್ತಾಯ್ತು. ಕೊಕ್ಕಡದವರ ನೋವನ್ನು ಅನುಮಾನಿಸ್ತಿಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಅಳತೆ ಇಲ್ಲದಿದ್ದಾಗ ಏಡಿಯೂ ಆರೋಪಿ ಆಗುತ್ತೆ ಅಂತ ನೆನಪಾಯ್ತು, ಅಷ್ಟೇ.

ಗುಮ್ಮಟದ ದ್ರಾಕ್ಷಿ | ಬುಧವಾರ, ಸಂಜೆ 6:30

ವಿಜಯಪುರದಿಂದ ಬರಿಯಾಕತ್ತೇನ್ರಿ. 2010ರಾಗ ಯುರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿ ಕ್ಲೋರ್‌ಮೆಕ್ವಾಟ್ ಸಲುವಾಗಿ ಸಿಕ್ಕಿಬಿತ್ತು. ಅದು ಹುಳದ ಔಷಧಿನೂ ಅಲ್ರಿ, ಬಳ್ಳಿ ಜಿಗಿ ತಡಿಯಾಕ ಹೊಡಿಯೋದು. ಅಲ್ಲಿತನಕ ಅದನ್ನ ನಮ್ಮ ಕಡೆ ಎಕ್ಸ್‌ಪೋರ್ಟ್ ಪರೀಕ್ಷಾದಾಗ ಹುಡುಕತಿರಲಿಲ್ಲ. ಈಗ ಎಕ್ಸ್‌ಪೋರ್ಟ್ ತೋಟ ಅಂದ್ರ ಗ್ರೇಪ್‌ನೆಟ್ ಅನ್ನೂ ಆನ್‌ಲೈನ್ ವ್ಯವಸ್ಥಾದಾಗ ನೋಂದಣಿ, ಕೊಯ್ಯೂಕಿಂತ ಮೊದಲ ಮಾದರಿ ತಗದು ಲ್ಯಾಬಿಗೆ. ವರದಿ ಬರೂತನಕ ಕತ್ತರಿ ಮುಟ್ಟಂಗಿಲ್ಲ. ಎಕ್ಸ್‌ಪೋರ್ಟ್ ಮಾಲಿಗೆ ಇಷ್ಟೆಲ್ಲಾ ಐತಿ. ನಮ್ಮೂರ ಸಂತ್ಯಾಗ ಬುಟ್ಟಿ ಇಟ್ಕೊಂಡು ಕುಂತ ಮುದುಕಿ ದ್ರಾಕ್ಷಿಗೆ ಏನೈತ್ರಿ? ಏನೂ ಇಲ್ಲ. ಪಟ್ಟಿ ಬಂದ್ರ ಮೊದಲು ಅಲ್ಲಿಗೆ ಬರಲಿ.

ಸಿಂಚು ಕನ್ನಡಿಗ | ಬುಧವಾರ, ರಾತ್ರಿ 10:15

ತೈವಾನಿನಲ್ಲಿದ್ದೀನಿ, ಚಿಪ್ ಕಂಪನಿ ಕೆಲಸ, ವಿಷಯ ನನ್ನದಲ್ಲ. ಆದರೆ ಇಲ್ಲಿ ಈ ಕತ್ತರಿ ಕಿಣ್ವದ ಪರೀಕ್ಷೆ ಸಂತೆಯ ಮಟ್ಟದಲ್ಲೇ ಇದೆ. ಇಲ್ಲಿನ ಕೃಷಿ ಸಂಶೋಧನಾ ಸಂಸ್ಥೆ 1985ರಲ್ಲಿ ರೂಪಿಸಿದ್ದು, ಕಿಣ್ವ ಮನೆ ನೊಣದ್ದು! ವಿದ್ಯುದಗ್ರ ಅಲ್ಲ, ಬಣ್ಣದ ವಿಧಾನ. ಸಗಟು ಮಾರುಕಟ್ಟೆಗೆ ರಾತ್ರಿ ತರಕಾರಿ ಬರುತ್ತೆ, ಎಲೆ ಕತ್ತರಿಸಿ ಪರೀಕ್ಷೆ ಮಾಡ್ತಾರೆ, ಪ್ರತಿಬಂಧ ಜಾಸ್ತಿ ಬಂದರೆ ಆ ಲಾಟು ಹರಾಜಿಗೆ ಹೋಗೋ ಮುಂಚೆಯೇ ನಿಲ್ಲುತ್ತೆ. ಯಾವ ಔಷಧಿ ಅಂತ ಆ ಪರೀಕ್ಷೆಗೂ ಗೊತ್ತಿರಲ್ಲ. ನಿಲ್ಲಿಸೋಕೆ ಅಷ್ಟು ಸಾಕು ಅಂತ ಅವರ ಲೆಕ್ಕ. ಹೆಂಡತಿ ಸಂತೆಯಲ್ಲಿ ಆ ಟೇಬಲ್ ನೋಡಿ, ಕೋಲಾರದ ಟೊಮೆಟೊ ಮಂಡಿಯಲ್ಲಿ ಇದು ಯಾಕಿಲ್ಲ ಅಂತ ಕೇಳಿದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಬೆಂಚಿನ ಹಿಂದೆ | ಗುರುವಾರ, ಬೆಳಗ್ಗೆ 7:50

ಈ ಮಾತಿಗೆ ನಾನು ಸ್ವಲ್ಪ ಸೋಲ್ತೀನಿ. ಜರಡಿ ಬೇರೆ, ತಕ್ಕಡಿ ಬೇರೆ. ಸಂತೆಯ ಆ ಪರೀಕ್ಷೆ ಜರಡಿ. ನಮ್ಮ ಲ್ಯಾಬಿನದು ತಕ್ಕಡಿ: 10 ಗ್ರಾಂ ರುಬ್ಬಿದ ತರಕಾರಿ, 10 ಮಿಲಿ ಅಸಿಟೋನೈಟ್ರೈಲ್, ಮೆಗ್ನೀಸಿಯಂ ಸಲ್ಫೇಟ್, ಉಪ್ಪು, ಕುಲುಕಿ ತಿರುಗಿಸಿ ಯಂತ್ರಕ್ಕೆ. 2003ರಲ್ಲಿ ಈ ಕ್ವೆಚರ್ಸ್ ವಿಧಾನ ಬಂದ ಮೇಲೆ ನಮ್ಮ ಜೀವ ಉಳೀತು. ಆದರೆ ಯಂತ್ರಕ್ಕೆ ಕೋಟಿ ದಾಟುತ್ತೆ, ಮಾದರಿಗೆ ಸಾವಿರಗಟ್ಟಲೆ, ವರದಿಗೆ ದಿನಗಟ್ಟಲೆ. ಮಂಡಿಯಲ್ಲಿ ಟೊಮೆಟೊ ಅಷ್ಟು ದಿನ ಕಾಯಲ್ಲ.

ಜರಡಿಗೆ ನಾನು ಕೇಳೋದು ಒಂದೇ. ಯುರೋಪಿನ ಮಾರ್ಗಸೂಚಿ ಪ್ರಕಾರ, ಮಿತಿ ಮೀರಿದ 100 ಮಾದರಿ ಕೊಟ್ಟರೆ ಕನಿಷ್ಠ 95ನ್ನು ಅದು ಹಿಡೀಬೇಕು. ಒಳ್ಳೇದನ್ನು ತಪ್ಪಾಗಿ ಹಿಡಿದರೆ ಪರವಾಗಿಲ್ಲ, ನಮ್ಮಲ್ಲಿಗೆ ಕಳಿಸಿ. ಕೆಟ್ಟದ್ದನ್ನು ಬಿಟ್ಟರೆ ಕೊಕ್ಕಡದವರು ಹೇಳಿದ ಹಸಿರು.

ಮಾಲೂರು ಎಲೆಕೋಸು | ಗುರುವಾರ, ಬೆಳಗ್ಗೆ 8:30

"ಒಳ್ಳೇದನ್ನು ತಪ್ಪಾಗಿ ಹಿಡಿದರೆ ಪರವಾಗಿಲ್ಲ" ಅಂದ್ರಲ್ಲ, ಯಾರಿಗೆ ಪರವಾಗಿಲ್ಲ ಸ್ವಾಮಿ? ಗಾಡಿ ಬಾಡಿಗೆ ನಂದು, ಕೂಲಿ ನಂದು. ನಿಮ್ಮ ಲ್ಯಾಬಿನವರು ಮೂರು ದಿನ ಆದ ಮೇಲೆ "ಸರಿ ಇದೆ" ಅಂದರೆ ಆ ಟೊಮೆಟೊ ಸಾಸ್ ಆಗಿರುತ್ತೆ.

ಬೆಂಚಿನ ಹಿಂದೆ | ಗುರುವಾರ, ಬೆಳಗ್ಗೆ 8:52

ಒಪ್ಪಿದೆ. ಹಾಗಾದರೆ ಜರಡಿ ಇರಬೇಕಾದ್ದು ಮಂಡಿಯಲ್ಲಿ ಅಲ್ಲ, ಕೊಯ್ಲಿನ ಮುಂಚೆ, ನಿಮ್ಮ ಹೊಲದ ಬದುವಿನಲ್ಲಿ. ಅಲ್ಲಿ ತಪ್ಪು ಕೆಂಪು ಬಂದರೆ ನಿಮಗೆ ಎರಡು ದಿನ ನಷ್ಟ, ಇಡೀ ಗಾಡಿ ಅಲ್ಲ. ದ್ರಾಕ್ಷಿಯವರು ಮಾಡ್ತಿರೋದೂ ಅದೇ ಕ್ರಮ ತಾನೆ.

ಕರೆಂಟು ಕಮ್ಮಿ | ಗುರುವಾರ, ರಾತ್ರಿ 9:20

ಎಲೆಕೋಸಿನವರೇ, ನೀವು ಹೊಡೆಯೋ ಔಷಧಿಗಳ ಪಟ್ಟಿ ಹಾಕ್ತೀರಾ? ಕಂಪನಿ ಹೆಸರು ಬೇಡ, ಬಾಟಲಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರೋ ಹೆಸರು.

ಮಾಲೂರು ಎಲೆಕೋಸು | ಗುರುವಾರ, ರಾತ್ರಿ 9:55

ಕನ್ನಡಕ ಹಾಕ್ಕೊಂಡು ಓದಿದೆ. ಎಲೆಕೋಸಿಗೆ: ಕ್ಲೋರ್‌ಪೈರಿಫಾಸ್, ಎಮಾಮೆಕ್ಟಿನ್ ಬೆಂಜೊಯೇಟ್, ಕ್ಲೋರಾಂಟ್ರಾನಿಲಿಪ್ರೋಲ್ (ಬಾಯಿ ತಿರುಗಲ್ಲ). ಟೊಮೆಟೊಗೆ: ಇಮಿಡಾಕ್ಲೋಪ್ರಿಡ್, ಲ್ಯಾಂಬ್ಡಾ (ಲ್ಯಾಂಬ್ಡಾ ಸೈಹಲೋಥ್ರಿನ್), ಮ್ಯಾಂಕೋಜೆಬ್. ಅಂಗಡಿಯವನು ಕೊಟ್ಟ ಒಂದು ಬಾಟಲಿಗೆ ಚೀಟಿಯೇ ಇಲ್ಲ. "ಅಣ್ಣ, ಸ್ಟ್ರಾಂಗ್ ಐತೆ" ಅಂದಿದ್ದ.

ಬೆಂಚಿನ ಹಿಂದೆ | ಗುರುವಾರ, ರಾತ್ರಿ 10:10

ನಿಮ್ಮ "ರೆಸಿಡ್ಯೂ ಫೇಲ್" ಆ ಚೀಟಿ ಇಲ್ಲದ ಬಾಟಲಿಯಿಂದಲೇ ಬಂದಿದ್ದರೂ ನನಗೆ ಆಶ್ಚರ್ಯ ಇಲ್ಲ.

ಕರೆಂಟು ಕಮ್ಮಿ | ಗುರುವಾರ, ರಾತ್ರಿ 11:30

ನಿಮ್ಮ ಔಷಧಿಗಳ ಪಟ್ಟಿ ನೋಡಿ ನನಗೆ ನಿದ್ದೆ ಬರಲಿಲ್ಲ, ತಮಾಷೆ ಅಲ್ಲ.

ಆರರಲ್ಲಿ ನಮ್ಮ ಕಿಣ್ವ ಹಿಡಿಯಬಹುದಾದ್ದು ಒಂದೇ, ಕ್ಲೋರ್‌ಪೈರಿಫಾಸ್. ಎಮಾಮೆಕ್ಟಿನ್ ಹೋಗೋದು ಕ್ಲೋರೈಡ್ ಕಾಲುವೆಗೆ. ಬಾಯಿ ತಿರುಗದ್ದು ಹುಳದ ಸ್ನಾಯುವಿನ ಕ್ಯಾಲ್ಸಿಯಂ ಕಾಲುವೆಗೆ. ಲ್ಯಾಂಬ್ಡಾ ಸೋಡಿಯಂ ಕಾಲುವೆಗೆ. ಇಮಿಡಾಕ್ಲೋಪ್ರಿಡ್ ಅಸಿಟೈಲ್ ಕೋಲಿನ್ ತಗೊಳ್ಳೋ ಗ್ರಾಹಕಕ್ಕೆ, ಕತ್ತರಿಗಲ್ಲ. ಮ್ಯಾಂಕೋಜೆಬ್ ಶಿಲೀಂಧ್ರದ್ದು. ತೈವಾನಿನವರು 1985ರಲ್ಲಿ ಶುರು ಮಾಡಿದಾಗ ಸಂತೆಯ ವಿಷಗಳಲ್ಲಿ ದೊಡ್ಡ ಪಾಲು ಕತ್ತರಿಗೆ ಅಂಟೋ ಜಾತಿಯದ್ದು. ಕಾಲ ಬದಲಾಗಿದೆ, ನಾವಿನ್ನೂ ಅದೇ ಕತ್ತರಿ ಮಸೀತಾ ಕೂತಿದ್ದೀವಿ.

ಆ ಒಂದರಲ್ಲೂ ಕೊಕ್ಕೆ ಇದೆ. ಬಾಟಲಿಯಲ್ಲಿರೋ ಕ್ಲೋರ್‌ಪೈರಿಫಾಸ್ ಕಿಣ್ವಕ್ಕೆ ಸರಿಯಾಗಿ ಅಂಟಲ್ಲ. ಅದರ ರಂಜಕದ ಪಕ್ಕ ಗಂಧಕ ಕೂತಿದೆ. ಹುಳದ ಮೈಯೊಳಗೆ ಹೋದ ಮೇಲೆ ಗಂಧಕ ಎದ್ದು ಆ ಜಾಗಕ್ಕೆ ಆಮ್ಲಜನಕ ಬರುತ್ತೆ, ಆಗ ಅದು ನಿಜವಾದ ವಿಷ. ಪಟ್ಟಿಗೆ ಯಕೃತ್ತಿಲ್ಲವಲ್ಲ, ಹಾಗಾಗಿ ನಾವೇ ಬ್ರೋಮಿನ್ ನೀರು ಹಾಕಿ ಆ ಬದಲಾವಣೆ ಮಾಡಿಸಬೇಕು, ಉಳಿದ ಬ್ರೋಮಿನ್ ತೆಗೆದುಹಾಕಬೇಕು, ಇಲ್ಲದಿದ್ದರೆ ಅದೇ ಕಿಣ್ವವನ್ನು ಕೊಲ್ಲುತ್ತೆ. ಮೇಲಿಂದ, ತರಕಾರಿಯಿಂದ ಔಷಧಿ ಬಿಡಿಸಲು ಬಳಸೋ ಅಸಿಟೋನೈಟ್ರೈಲ್ ಕೂಡ ಕಿಣ್ವಕ್ಕೆ ಆಗದು. ಶೇ. 5ಕ್ಕೆ ಇಳಿಸೋಕೆ 20 ಪಟ್ಟು ತೆಳು ಮಾಡ್ತೀನಿ. ಲೀಟರಿಗೆ 10 ಮೈಕ್ರೋಗ್ರಾಂ (ಅದೇ 0.01 ಮಿಲಿಗ್ರಾಂ) ಇದ್ದದ್ದು ಅರ್ಧ ಮೈಕ್ರೋಗ್ರಾಂ ಆಯ್ತು. ಬೆಂಚಿನವರು ಹೇಳಿದ ಒಂದು ಲಕ್ಷ ಪಟ್ಟು ಈಗ 20 ಲಕ್ಷ.

ಬೇರೆ ದಾರಿಗಳಿವೆ. ಇಮಿಡಾಕ್ಲೋಪ್ರಿಡ್‌ನಲ್ಲಿ ನೈಟ್ರೋ ಗುಂಪಿದೆ, ಕಿಣ್ವ ಇಲ್ಲದೆಯೇ ವೋಲ್ಟಮೆಟ್ರಿಯಲ್ಲಿ (ವೋಲ್ಟೇಜು ಬದಲಾಯಿಸುತ್ತಾ ಕರೆಂಟು ಅಳೆಯೋ ವಿಧಾನ) ಕಾಣಿಸುತ್ತೆ. ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ತಾನೇ ಉತ್ಕರ್ಷಣೆಗೊಂಡು ಶಿಖರ ಕೊಡುತ್ತೆ. ಜೆಕ್ ರಸಾಯನ ವಿಜ್ಞಾನಿ ಹೇರೋವ್‌ಸ್ಕಿ 1922ರಲ್ಲಿ ಪಾದರಸದ ಹನಿ ಬೀಳಿಸುತ್ತಾ ಶುರು ಮಾಡಿದ ವಿದ್ಯೆಯ ಮೊಮ್ಮಗ ಇದು, ಅವರಿಗೆ 1959ರಲ್ಲಿ ನೊಬೆಲ್ ಬಂತು. ಒಂದು ನಿರ್ದಿಷ್ಟ ಔಷಧಿಯ ಅಣುವಿನ ಅಚ್ಚು ಹೊಯ್ದು ಪಾಲಿಮರ್ ಹಾಸೋದೂ ಇದೆ, ಇಡ್ಲಿ ತಟ್ಟೆಯ ಗುಳಿಯ ಹಾಗೆ, ಆ ಆಕಾರದ್ದೇ ಬಂದು ಕೂರಬೇಕು. ಅದರಲ್ಲಿ ಒಂದು ಪಟ್ಟಿಗೆ ಒಂದೇ ಔಷಧಿ.

ಹುಣಸೆ ನೀರು | ಶುಕ್ರವಾರ, ಬೆಳಗ್ಗೆ 9:45

ಅಂದರೆ ಇನ್ನೂರು ರೂಪಾಯಿ ಪಟ್ಟಿ ನನ್ನ ಅಡುಗೆ ಮನೆಗೆ ಸದ್ಯಕ್ಕಿಲ್ಲ. ಬ್ರೋಮಿನ್ ಹೆಸರು ಕೇಳಿಯೇ ಕೈಬಿಟ್ಟೆ.

ಮಾಲೂರು ಎಲೆಕೋಸು | ಶುಕ್ರವಾರ, ಸಂಜೆ 7:10

ನನ್ನ ಹೊಲದಲ್ಲಿ ಬಂದು ಮಾಡಿ ನೋಡಿ. ನಿಮ್ಮ ಪ್ರಬಂಧಕ್ಕೆ ನಿಜವಾದ ಎಲೆಕೋಸು ಸಿಗುತ್ತೆ, ಬೆಂಚಿನವರ ತಕರಾರೂ ತೀರುತ್ತೆ. ಊಟ ನಮ್ಮ ಮನೇಲಿ. ಮುದ್ದೆ ಆಗುತ್ತಾ?

(ಮೂರು ವಾರದ ನಂತರ)

ಕರೆಂಟು ಕಮ್ಮಿ | ಭಾನುವಾರ, ರಾತ್ರಿ 10:40

ಹೋಗಿ ಬಂದೆ. ಮುದ್ದೆ, ಹುರುಳಿ ಸಾರು, ಎರಡು ಸಲ.

ಪಂಪ್‌ಸೆಟ್ ಮನೆಯಲ್ಲಿ ಟೇಬಲ್ ಹಾಕಿದ್ವಿ. ಅಂಗೈಯಗಲದ ಪೊಟೆನ್ಶಿಯೋಸ್ಟಾಟ್ (ಪಟ್ಟಿಗೆ ವೋಲ್ಟೇಜು ಕೊಟ್ಟು ಕರೆಂಟು ಅಳೆಯೋ ಯಂತ್ರ), ಫೋನಿಗೆ ಜೋಡಿಸಿದ್ದು. ಮೊದಲ ತೊಂದರೆ ವಿಷದ್ದಲ್ಲ, ಬಿಸಿಲಿನದು. ಪಟ್ಟಿಗಳನ್ನು 4 ಡಿಗ್ರಿಯಲ್ಲಿ ಇಡಬೇಕು. ಐಸ್ ಡಬ್ಬಿ ಮುಚ್ಚಳ ಯಾರೋ ತೆಗೆದಿಟ್ಟಿದ್ದರು, ಮಧ್ಯಾಹ್ನದ ಹೊತ್ತಿಗೆ ಅರ್ಧ ಪಟ್ಟಿಗಳು ಯಾವ ವಿಷವೂ ಇಲ್ಲದೆಯೇ ಕರೆಂಟು ಕಮ್ಮಿ ತೋರಿಸೋಕೆ ಶುರು ಮಾಡಿದವು. ಬಿಸಿಗೆ ಕಿಣ್ವ ಕೆಡದಿರಲಿ ಅಂತ ಈಗ ಟ್ರೆಹಲೋಸ್ ಸಕ್ಕರೆಯಲ್ಲಿ ಒಣಗಿಸಿ ನೋಡ್ತಿದ್ದೀನಿ.

ಸರಿಯಿದ್ದ ಪಟ್ಟಿಗಳಲ್ಲಿ, ಹಿಂದಿನ ದಿನ ಕ್ಲೋರ್‌ಪೈರಿಫಾಸ್ ಹೊಡೆದ ಸಾಲಿನ ಎಲೆಕೋಸು ಪ್ರತಿ ಸಲವೂ ಸಿಕ್ಕಿಬಿತ್ತು. ಅದಕ್ಕೂ ಮುಂಚೆ ಹೊಡೆದ ಹಳೇ ಸಾಲಿನದು ಒಮ್ಮೆ ಹೌದು, ಒಮ್ಮೆ ಇಲ್ಲ. ಹೊರ ಎಲೆ ತೆಗೆದು ಒಳಗಿನದ್ದು ಹಾಕಿದರೆ ಎರಡು ಸಾಲಿನದೂ ತಣ್ಣಗೆ. ಹಿಂದಿನ ಸಂಜೆ ಲ್ಯಾಂಬ್ಡಾ ಹೊಡೆದ ಟೊಮೆಟೊ ಅಚ್ಚ ಹಸಿರು, ಯಾವ ಔಷಧಿಯೂ ಮುಟ್ಟಿಲ್ಲ ಎಂಬಂತೆ. ಕೊನೆಗೆ ಅವರ ತಾಯಿ ಹಿತ್ತಲಲ್ಲಿ ಬೆಳೆದ, ಒಂದು ಹನಿ ಔಷಧಿ ಕಾಣದ ಈರುಳ್ಳಿ ಸೊಪ್ಪು: ಕೆಂಪು.

ಮಾಲೂರು ಎಲೆಕೋಸು | ಭಾನುವಾರ, ರಾತ್ರಿ 10:58

ನಮ್ಮಮ್ಮ ಇನ್ನೂ ಮಾತಾಡಿಸ್ತಿಲ್ಲ ಇವನನ್ನ. "ನನ್ನ ಸೊಪ್ಪಿಗೆ ವಿಷ ಅಂತೀಯಾ" ಅಂತ.

ಬೆಂಚಿನ ಹಿಂದೆ | ಭಾನುವಾರ, ರಾತ್ರಿ 11:10

ಅಮ್ಮನಿಗೆ ನನ್ನ ಕಡೆಯಿಂದ ಹೇಳಿ, ತಪ್ಪು ಸೊಪ್ಪಿನದೂ ಅಲ್ಲ ಅವರದೂ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿಯ ಗಂಧಕದ ಸಂಯುಕ್ತಗಳು ಈ ಪರೀಕ್ಷೆಯನ್ನು ದಾರಿ ತಪ್ಪಿಸೋದು ಹಳೇ ಕತೆ. ಆಲೂಗಡ್ಡೆಯ ಸೊಲನಿನ್ ಅಂತೂ ತಾನೇ ಕತ್ತರಿಗೆ ಅಡ್ಡ ಬರೋ ವಸ್ತು. ಹಳೇ ಸಾಲಿನ "ಒಮ್ಮೆ ಹೌದು, ಒಮ್ಮೆ ಇಲ್ಲ" ಅನ್ನೋದೇ ನನಗೆ ಬೇಕಾದ್ದು. ಅದೇ ಕೋಸಿನ ಇನ್ನರ್ಧ ಫ್ರೀಜರಿನಲ್ಲಿದ್ದರೆ ಕಳಿಸಿ. ಹೊರ ಎಲೆ ಸೇರಿಸಿ ಕಳಿಸಿ, ಲ್ಯಾಬಿನಲ್ಲೂ ಎಲೆಕೋಸನ್ನು ಇಡಿಯಾಗಿಯೇ ರುಬ್ಬೋದು. ಲ್ಯಾಂಬ್ಡಾ ಟೊಮೆಟೊ ಕೂಡ. ಶುಲ್ಕದ ಮಾತು ಆಮೇಲೆ.

ಗುಮ್ಮಟದ ದ್ರಾಕ್ಷಿ | ಸೋಮವಾರ, ಬೆಳಗ್ಗೆ 6:20

ಮುಂದಿನ ಸಲ ವಿಜಯಪುರಕ್ಕ ಬರ್ರಿ. ಮೇ ತಿಂಗಳದಾಗ ಬಂದ್ರ ನಿಮ್ಮ ಐಸ್ ಡಬ್ಬಿ ಪರೀಕ್ಷಾನೂ ಆಗ್ತೈತಿ.

ಕರೆಂಟು ಕಮ್ಮಿ | ಸೋಮವಾರ, ಬೆಳಗ್ಗೆ 9:00

ಬರ್ತೀನ್ರಿ. ಎಲೆಕೋಸಿನವರೇ, ಈ ಸಲ ಒಂದೇ ಸಾಲಿನಿಂದ ಹೊಡೆದ ದಿನ, ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಕೋಸು ಬೇಕು. ಪ್ರತಿ ಕೋಸು ಎರಡು ಭಾಗ, ಒಂದು ನನಗೆ, ಒಂದು ಬೆಂಚಿನವರಿಗೆ. ಯಾವ ದಿನ ಕರೆಂಟು ಸರಿಹೋಗುತ್ತೆ, ಯಾವ ದಿನ ಲ್ಯಾಬಿನಲ್ಲಿ ಮಿತಿಯೊಳಗೆ ಬರುತ್ತೆ, ಎರಡೂ ಒಂದೇ ದಿನವಾ ನೋಡಬೇಕು. ಕೋಸು ನಿಮ್ಮ ಫ್ರಿಜ್ಜಿನಲ್ಲಿ ಇಡಬಹುದಾ?

ಮಾಲೂರು ಎಲೆಕೋಸು | ಸೋಮವಾರ, ಸಂಜೆ 6:45

ಈ ಗುರುವಾರ ಹೊಡೀತೀನಿ, ಚೀಟಿ ಇರೋ ಬಾಟಲಿಯಿಂದಲೇ. ಫ್ರಿಜ್ಜಲ್ಲಿ ಜಾಗ ಇಲ್ಲ, ಹಸುವಿನ ಇಂಜೆಕ್ಷನ್, ಮಗಳ ಐಸ್ ಕ್ರೀಮ್ ಇದೆ. ಡಬ್ಬಿ ನೀನೇ ತಾ, ಮುಚ್ಚಳಕ್ಕೆ ಬೀಗ ಹಾಕ್ಕೊಂಡು ತಾ. ಬರುವಾಗ ಅಮ್ಮನಿಗೆ ಒಂದು ಕವಳೆ ವೀಳ್ಯದೆಲೆ ತಗೊಂಬಾ, ಆಮೇಲೆ ಸೊಪ್ಪಿನ ವಿಷಯ ಮಾತಾಡೋಣ.